ಹಿತ್ತಲ ತರಕಾರಿ ಬಾಡಿದೆಯಾ? ಕೊಡ ಎತ್ತುವ ಮೊದಲು ಇಷ್ಟು ನೋಡಿ

ಮಾರ್ಚ್ ಬಂತೆಂದರೆ ಕಾರವಾರದಿಂದ ಹೊನ್ನಾವರದವರೆಗೆ ಹಿತ್ತಲಲ್ಲಿ ತರಕಾರಿ ಬೆಳೆಸುವವರದ್ದೆಲ್ಲ ಒಂದೇ ಮಾತು. ದಿನಾ ನೀರು ಹಾಕುತ್ತೇವೆ, ಆದರೂ ಗಿಡ ಬಾಡುತ್ತಿದೆ. ಘಟ್ಟ ಹತ್ತಿ ಶಿರಸಿಗೆ ಹೋದರೂ ಇದೇ ಮಾತು, ಮಣ್ಣು ಬೇರೆ, ಗಾಳಿ ಸ್ವಲ್ಪ ಒಣ, ಅಷ್ಟೇ. ಆಮೇಲೆ ಎಲ್ಲರೂ ಮಾಡುವ ಕೆಲಸವೂ ಒಂದೇ: ಇನ್ನೊಂದು ಕೊಡ ನೀರು ತಂದು ಬುಡಕ್ಕೆ ಸುರಿಯುವುದು.

ಬಾಡುವುದು ಅಂದರೆ ಅದೊಂದು ರೋಗದ ಹೆಸರಲ್ಲ. ಬೇರಿನಿಂದ ಎಲೆಗೆ ಸಾಕಷ್ಟು ನೀರು ಹೋಗುತ್ತಿಲ್ಲ ಅನ್ನುವುದರ ಗುರುತು. ಮಣ್ಣಲ್ಲಿ ನೀರೇ ಇಲ್ಲದಿರಬಹುದು, ನೀರು ಜಾಸ್ತಿಯಾಗಿ ಬೇರು ಕೊಳೆತಿರಬಹುದು, ಬಾವಿಗೆ ಉಪ್ಪು ಬಂದಿರಬಹುದು, ಕಾಂಡದ ಒಳಗೆ ಬ್ಯಾಕ್ಟೀರಿಯಾ ಸೇರಿ ನೀರಿನ ದಾರಿ ಕಟ್ಟಿರಬಹುದು, ಬೇರನ್ನೇ ಏನೋ ತಿಂದಿರಬಹುದು. ಇಷ್ಟರಲ್ಲಿ ಮೊದಲನೆಯದಕ್ಕೆ ಮಾತ್ರ ಬರೀ ನೀರು ಸಾಕು. ಉಳಿದವಕ್ಕೆ ಸುಮ್ನೆ ನೀರು ಸುರಿದರೆ ಗಿಡ ಉಳಿಯುವುದಿಲ್ಲ, ಕೆಲವು ಸಲ ಬೇಗ ಸಾಯುತ್ತದೆ, ಮತ್ತೆ ಬಾವಿಯ ತಳ ಕಾಣುವ ಏಪ್ರಿಲ್-ಮೇ ತಿಂಗಳಲ್ಲಿ ಆ ನೀರೂ ದಂಡ. ಹಾಗಾಗಿ ಮೊದಲು ನೋಡಿ. ನೋಡುವುದಕ್ಕೆ ಬೇಕಾದ್ದು ಒಂದು ಚೂರಿ, ಒಂದು ಗಾಜಿನ ಲೋಟ, ಮತ್ತೆ ಬೆರಳು.

ಮೊದಲ ಪ್ರಶ್ನೆ: ಯಾವ ಹೊತ್ತಿಗೆ ಬಾಡುತ್ತದೆ?

ಕುಂಬಳ, ಹೀರೆ, ಮೊಗೆ, ಬದನೆ, ಹೀಗೆ ಅಗಲ ಎಲೆಯ ಗಿಡಗಳು ಮಧ್ಯಾಹ್ನ 12ರಿಂದ 3ರ ಬಿಸಿಲಿಗೆ ಎಲೆ ಜೋತು ಹಾಕುವುದು ಸಹಜ. ಎಲೆಯಿಂದ ಆವಿಯಾಗಿ ಹೋಗುವಷ್ಟು ವೇಗದಲ್ಲಿ ಬೇರು ನೀರು ಎಳೆಯಲಾರದು, ಅದಕ್ಕೆ. ಸಂಜೆ 6ರ ಹೊತ್ತಿಗೆ ಅವು ತಾವೇ ಎದ್ದು ನಿಂತರೆ ಏನೂ ಮಾಡಬೇಡಿ. ಬೆಳಿಗ್ಗೆ ಸೂರ್ಯ ಏರುವ ಮೊದಲು ಹೋಗಿ ನೋಡಿ. ಆ ಹೊತ್ತಿಗೂ ಎಲೆ ಕೆಳಗೆ ಬಿದ್ದಿದ್ದರೆ ಅದು ನಿಜವಾದ ತೊಂದರೆ. ರಾತ್ರಿಯೆಲ್ಲ ತಂಪಿದ್ದರೂ ಗಿಡ ಚೇತರಿಸಿಕೊಂಡಿಲ್ಲ ಅಂದರೆ ಒಂದೋ ಮಣ್ಣಲ್ಲಿ ನೀರಿಲ್ಲ, ಇಲ್ಲವೋ ನೀರಿದ್ದರೂ ಗಿಡಕ್ಕೆ ಸಿಗುತ್ತಿಲ್ಲ.

ಈ ಎರಡರಲ್ಲಿ ಯಾವುದು ಅಂತ ತಿಳಿಯಲು ಬುಡದಿಂದ ಒಂದು ಗೇಣು ಆಚೆ ಮಣ್ಣು ಕೆದಕಿ ಬೆರಳು ಪೂರ್ತಿ ಇಳಿಸಿ. ಮೇಲಿನ ಒದ್ದೆ ನೋಡಿ ಮೋಸ ಹೋಗಬೇಡಿ. ನಮ್ಮ ಕಡಲ ಬದಿಯ ಮರಳು ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹೀರಿಕೊಳ್ಳುವುದೇ ಇಲ್ಲ. ನೀರು ಮಣಿಯಾಗಿ ನಿಂತು ಪಕ್ಕಕ್ಕೆ ಹರಿದು ಹೋಗುತ್ತದೆ, ಮೇಲಿನ ಅರ್ಧ ಇಂಚು ಕಪ್ಪಾಗುತ್ತದೆ, ಕೆಳಗೆ ಬೆರಳಿಟ್ಟರೆ ಹಿಟ್ಟಿನ ಹಾಗೆ ಒಣ ಮಣ್ಣು. ಚಿರೆಕಲ್ಲಿನ ಕೆಂಪು ಮಣ್ಣಿನಲ್ಲಿ ಮೇಲೆ ಗಟ್ಟಿ ಪದರ ಕಟ್ಟಿ ಇದೇ ಗತಿ. ಎರಡಕ್ಕೂ ಉಪಾಯ ಒಂದೇ, ಮೊದಲು ಒಂದು ಚೊಂಬು ಚಿಮುಕಿಸಿ, ಕಾಲು ಗಂಟೆ ಬಿಟ್ಟು ಆಮೇಲೆ ಉಳಿದದ್ದು ನಿಧಾನ ಹಾಕಿ.

ಒಳಗೆ ಒಣಗಿದ್ದರೆ

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಮಡಿ ಅಂದರೆ 15 ಲೀಟರ್, ಒಂದು ದೊಡ್ಡ ಕೊಡ. ಮರಳು ಮಣ್ಣಾದರೆ ಅದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿ, ಒಮ್ಮೆಲೇ ಹಾಕಿದ್ದು ಬೇರು ದಾಟಿ ಕೆಳಗೆ ಇಳಿದುಬಿಡುತ್ತದೆ. ಶಿರಸಿ, ಸಿದ್ದಾಪುರದ ಜಿಗುಟು ಮಣ್ಣಲ್ಲಿ ಬೇರು ಇಳಿದ ಗಿಡಕ್ಕೆ ದಿನ ಬಿಟ್ಟು ದಿನ, ಆದರೆ ತುಂಬಾ ಹಾಕುವುದು ಒಳ್ಳೆಯದು.

ಮನೆಮಂದಿಯೆಲ್ಲ ಸೇರಿ ನೋಡಿಕೊಳ್ಳುವ ಹಿತ್ತಲಲ್ಲಿ ಇನ್ನೊಂದು ತೊಂದರೆ ಇದೆ, ಯಾರೂ ಅದನ್ನು ತೊಂದರೆ ಅಂದುಕೊಳ್ಳುವುದಿಲ್ಲ. ಬೆಳಿಗ್ಗೆ ಅತ್ತೆ ಬಾವಿ ಹತ್ತಿರದ ಹರಿವೆ ಮಡಿಗೆ ನೀರು ಹಾಕಿರುತ್ತಾರೆ, ಸಂಜೆ ಮಕ್ಕಳು ಪೈಪ್ ಹಿಡಿದು ಅದೇ ಮಡಿಗೆ ಇನ್ನೊಮ್ಮೆ ಬಿಡುತ್ತಾರೆ, ದೂರದ ಬೇಲಿ ಬದಿಯ ಬೆಂಡೆಗೆ ಅವರು ಹಾಕಿರಬಹುದು ಅಂತ ಇವರು, ಇವರು ಹಾಕಿರಬಹುದು ಅಂತ ಅವರು. ಒಂದು ಕಡೆ ಕೊಳೆ, ಇನ್ನೊಂದು ಕಡೆ ಒಣ. ಯಾವ ಮಡಿ ಯಾರದ್ದು ಅಂತ ಹಂಚಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಪೈಪಿನ ಬಗ್ಗೆ ಒಂದು ಮಾತು. ಬಿಸಿಲಲ್ಲಿ ಬಿದ್ದ ಕಪ್ಪು ಪೈಪಿನೊಳಗೆ ನಿಂತ ನೀರು ಕೈ ಇಡಲಾಗದಷ್ಟು ಸುಡುತ್ತದೆ. ಅದನ್ನೇ ನೇರ ಸಸಿಗೆ ಬಿಟ್ಟರೆ ಆ ದಿನವೇ ಸಸಿ ಮಲಗುತ್ತದೆ. ಮೊದಲ ನೀರನ್ನು ಬಾಳೆ ಬುಡಕ್ಕೆ ಬಿಡಿ, ಕೈಗೆ ತಣ್ಣಗೆ ತಾಗಿದ ಮೇಲೆ ಮಡಿಗೆ ತನ್ನಿ. ಬಚ್ಚಲ ನೀರು ಬಸಳೆಗೂ ಬಾಳೆಗೂ ನಡೆಯುತ್ತದೆ, ಬಟ್ಟೆ ಪುಡಿ ಹಾಕಿ ತೊಳೆದ ನೀರು ಮಾತ್ರ ಎಳೆ ಸಸಿಗೆ ಬೇಡ.

ಹೊಸದಾಗಿ ನೆಟ್ಟ ಸಸಿಗೆ ಅಡಿಕೆ ಹಾಳೆಯ ಮರೆ, ದೊಡ್ಡ ಮಡಿಗೆ ತೆಂಗಿನ ಮಡಲು ಇಲ್ಲವೇ ಅಡಿಕೆ ಸೋಗೆಯ ಚಪ್ಪರ, ನೆಲಕ್ಕೆ ದರಕಿನ, ಅಂದರೆ ಉದುರಿದ ಒಣ ಎಲೆಯ ಹೊದಿಕೆ. ಇದು ಗೊತ್ತಿದ್ದದ್ದೇ ಅಲ್ವಾ, ಹಾಗಾಗಿ ಉದ್ದ ಮಾಡುವುದಿಲ್ಲ. ದರಕು ಗಿಡದ ಬುಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ ಅಷ್ಟೇ, ಯಾಕೆ ಅಂತ ಕೆಳಗೆ ಬರುತ್ತದೆ.

ಒಳಗೆ ಒದ್ದೆ ಇದೆ, ಎಲೆಯ ಅಂಚು ಸುಟ್ಟಿದೆ

ಇಲ್ಲಿ ಕಡಲು ಬದಿಯವರು ಮೊದಲು ಬಾವಿಯನ್ನೇ ಅನುಮಾನಿಸಬೇಕು. ಮಳೆ ನಿಂತು ತಿಂಗಳುಗಟ್ಟಲೆ ಆದ ಮೇಲೆ ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳಲ್ಲಿ ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾಗುತ್ತದೆ, ಭರತದ, ಅಂದರೆ ಕಡಲ ಉಬ್ಬರದ ಜೊತೆ ಉಪ್ಪುನೀರು ಒಳಗೆ ಏರುತ್ತದೆ. ಉಪ್ಪುನೀರು ನುಗ್ಗುವ ತಗ್ಗು ಗದ್ದೆ ಅಂದರೆ ಗಜನಿ, ಅದರ ಅಂಚಿನ, ಕೋಡಿ ಬದಿಯ ಬಾವಿಗಳಿಗೆ ಅದು ಮಣ್ಣೊಳಗಿಂದಲೇ ಬರುತ್ತದೆ. ನೀರು ಬಾಯಿಗೆ ಉಪ್ಪು ಅನಿಸುವ ಹೊತ್ತಿಗೆ ಬೀನ್ಸ್, ಮೆಣಸು, ಬದನೆಗೆ ಆಗಲೇ ತಡವಾಗಿರುತ್ತದೆ. ನಾಲಿಗೆಗಿಂತ ಬೇರಿಗೆ ಬೇಗ ಗೊತ್ತಾಗುತ್ತದೆ.

ಗುರುತು ಹೀಗೆ. ಮೊದಲು ಹಳೆಯ, ಕೆಳಗಿನ ಎಲೆಗಳ ತುದಿ ಮತ್ತು ಅಂಚು ಕಂದಾಗಿ ಒಣಗುತ್ತದೆ, ನಡುವೆ ಹಸಿರೇ ಇರುತ್ತದೆ. ಗಿಡ ಕುಳ್ಳಾಗುತ್ತದೆ, ಎಲೆ ಗಾಢ ಹಸಿರು. ಮಡಿಯ ಮೇಲೆ ಒಣಗಿದಾಗ ಬಿಳಿ ಪುಡಿ ಕಾಣುತ್ತದೆ, ಕುಂಡದಲ್ಲಿ ಬೆಳೆಸಿದರೆ ಕುಂಡದ ಹೊರಮೈಗೂ ಬರುತ್ತದೆ. ಹರಿವೆ ಬೀಜ ಹಾಕಿದ್ದು ಅಲ್ಲಲ್ಲಿ ಮಾತ್ರ ಹುಟ್ಟುತ್ತದೆ. ಬಟ್ಟೆ ಸೋಪು ಆ ನೀರಲ್ಲಿ ನೊರೆ ಬರದೆ ಒಡೆದ ಹಾಗಾದರೆ ಅನುಮಾನ ಇನ್ನೂ ಗಟ್ಟಿ.

ಖಚಿತ ಆಗಬೇಕೆಂದರೆ ನೀರನ್ನು ಅಳೆಯಬೇಕು. ನೀರಲ್ಲಿ ಕರಗಿದ ಉಪ್ಪು, ಖನಿಜ ಎಷ್ಟು ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಈಗ ಎಷ್ಟೋ ಮನೆಗಳಲ್ಲಿ ಇದೆ. ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ತರಕಾರಿಗೆ ಚಿಂತೆ ಇಲ್ಲ. 450ರಿಂದ 2000 ಅಂದರೆ ಬೆಳೆ ನೋಡಿ ಹಾಕಬೇಕು. 2000 ದಾಟಿದರೆ ಆ ನೀರು ಹಿತ್ತಲಿಗೆ ಬೇಡ. ಪ್ರಯೋಗಾಲಯದ ವರದಿಯಲ್ಲಿ ಇದನ್ನೇ ಇಸಿ, ಅಂದರೆ ನೀರು ವಿದ್ಯುತ್ ಹರಿಸುವ ಪ್ರಮಾಣ ಅಂತ ಬರೆಯುತ್ತಾರೆ, ಉಪ್ಪು ಜಾಸ್ತಿಯಾದಷ್ಟೂ ಅದು ಜಾಸ್ತಿ, ಅಲ್ಲಿ ಮೀಟರಿಗೆ 0.7 ಮತ್ತು 3 ಡೆಸಿಸೀಮನ್ಸ್ ಗಡಿ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು-ನೀರಿನ ಪರೀಕ್ಷೆ ಬಗ್ಗೆ ಅಲ್ಲಿ ಕೇಳಬಹುದು. ನೀರು ಒಯ್ಯುವಾಗ ಎರಡು ಬಾಟಲಿ ಒಯ್ಯಿರಿ, ಪಂಪ್ ಶುರು ಮಾಡಿದ ಕೂಡಲೇ ಹಿಡಿದದ್ದು ಒಂದು, ಬಾವಿ ಅರ್ಧ ಇಳಿದ ಮೇಲೆ ಹಿಡಿದದ್ದು ಇನ್ನೊಂದು. ಬಾಟಲಿಯನ್ನು ಅದೇ ನೀರಲ್ಲಿ ಎರಡು ಸಲ ತೊಳೆದು ತುಂಬಿಸಿ.

ಎರಡು ಬಾಟಲಿ ಯಾಕೆ ಅಂದರೆ, ಕಡಲ ಬದಿಯ ನೆಲದಲ್ಲಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿ ಮೇಲೆ ತೇಲುತ್ತದೆ, ಉಪ್ಪು ಕೆಳಗೆ ಕೂತಿರುತ್ತದೆ. ದೊಡ್ಡ ಪಂಪ್ ಹಾಕಿ ಒಂದೇ ಸಮ ಎಳೆದರೆ ಮೇಲಿನ ಸಿಹಿ ಖಾಲಿಯಾಗಿ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಎರಡನೇ ಬಾಟಲಿಯಲ್ಲಿ ಉಪ್ಪು ಜಾಸ್ತಿ ಬಂದರೆ ತೊಂದರೆ ನೀವು ನೀರು ತೆಗೆಯುವ ರೀತಿಯಲ್ಲೂ ಇದೆ. ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಅನ್ನು ತಳಕ್ಕೆ ಬಿಡದೆ ಆದಷ್ಟು ಮೇಲೆ ಕಟ್ಟಿ. ಹತ್ತು-ಹದಿನೈದು ನಿಮಿಷ ಪಂಪ್ ಓಡಿಸಿ, ಟ್ಯಾಂಕ್ ತುಂಬಿಸಿ, ನಿಲ್ಲಿಸಿ, ಬಾವಿಗೆ ಊಟೆ ಬರಲು ಬಿಡಿ. ಇದು ಪುಕ್ಕಟೆ ಉಪಾಯ, ಎಷ್ಟೋ ಬಾವಿಗಳಲ್ಲಿ ಬೇಸಿಗೆ ದಾಟಲು ಇಷ್ಟೇ ಸಾಕಾಗುತ್ತದೆ. ನನ್ನ ಪ್ರಕಾರ ಹೊಸ ಬೋರ್‌ವೆಲ್ ಯೋಚನೆ ಮಾಡುವ ಮೊದಲು ಇದನ್ನು ಮಾಡಿ ನೋಡಲೇಬೇಕು, ಯಾಕೆಂದರೆ ಕಡಲ ಹತ್ತಿರ ಆಳಕ್ಕೆ ಹೋದಷ್ಟೂ ಉಪ್ಪಿನ ಹತ್ತಿರವೇ ಹೋಗುತ್ತೀರಿ.

ಮೀಟರಿನಲ್ಲಿ 450ರಿಂದ 2000ರ ನಡುವಿನ ನೀರೇ ಗತಿ ಅಂದರೆ ಅದನ್ನು ಬುಡಕ್ಕೆ ಮಾತ್ರ ಹಾಕಿ, ಎಲೆ ಮೇಲೆ ಚಿಮುಕಿಸಬೇಡಿ. ಮಣ್ಣು ಪೂರ್ತಿ ಒಣಗಲು ಬಿಡಬೇಡಿ, ಒಣಗಿದಷ್ಟೂ ಉಪ್ಪು ಬೇರಿನ ಸುತ್ತ ದಪ್ಪವಾಗುತ್ತದೆ. ಸಿಹಿನೀರು ಸಿಕ್ಕ ದಿನ ಒಮ್ಮೆ ಧಾರಾಳ ಹಾಕಿ, ಉಪ್ಪು ಕೆಳಗೆ ತೊಳೆದು ಹೋಗುತ್ತದೆ. ಬೀನ್ಸ್, ಬದನೆ, ಬೆಂಡೆ ಬಿಟ್ಟು ಅಲಸಂದೆ ಹಾಕಿ, ಅದು ಜಾಸ್ತಿ ತಡೆಯುತ್ತದೆ. ಒಣಮೀನಿನ ಗೊಬ್ಬರ ಹಾಕುವವರು ಉಪ್ಪು ಹಾಕದೆ ಒಣಗಿಸಿದ ಮೀನೇ ಹೌದಾ ಅಂತ ಕೇಳಿಕೊಂಡು ತನ್ನಿ.

ಹಸಿರಾಗಿಯೇ ಇದೆ, ಆದರೆ ಇಡೀ ಗಿಡ ಸೋತು ಬಿದ್ದಿದೆ

ಬದನೆ, ಟೊಮೆಟೊ, ಮೆಣಸಿನಲ್ಲಿ ಇದು ಕಂಡರೆ ತಡ ಮಾಡಬೇಡಿ. ನಿನ್ನೆ ಹೂ ಕಾಯಿ ಹಿಡಿದು ಚೆನ್ನಾಗಿತ್ತು, ಇವತ್ತು ಕುಡಿ ಎಲೆ ಕೆಳಗೆ ಬಿದ್ದಿದೆ, ರಾತ್ರಿ ಸ್ವಲ್ಪ ಎದ್ದ ಹಾಗೆ ಕಾಣುತ್ತದೆ, ನಾಳೆ ಪೂರ್ತಿ ಜೋತು. ಎಲೆ ಹಳದಿಯೂ ಆಗಿಲ್ಲ. ಇದು ಬ್ಯಾಕ್ಟೀರಿಯಾದ ಸೊರಗು ರೋಗ, ತರುವ ಜೀವಿಯ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯಾರಮ್. ನಮ್ಮ ಹುಳಿ ಮಣ್ಣು, ಬಿಸಿ, ಒದ್ದೆ, ಮೂರೂ ಅದಕ್ಕೆ ಇಷ್ಟ. ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದು ಬಿದ್ದು ಮತ್ತೆ ಬಿಸಿಲು ಕಾದರೆ ಸಾಲಿಗೆ ಸಾಲೇ ಹೋಗುವುದು ಇದರಿಂದಲೇ.

ಪರೀಕ್ಷೆ ಮನೆಯಲ್ಲೇ ಮಾಡಬಹುದು, ಒಮ್ಮೆ ನೋಡಿದವರು ಮರೆಯುವುದಿಲ್ಲ. ಸೋತ ಗಿಡವನ್ನು ಕಿತ್ತು, ಬುಡಕ್ಕೆ ಹತ್ತಿರದ ಕಾಂಡದಲ್ಲಿ ನಾಲ್ಕು ಬೆರಳು ಉದ್ದದ ತುಂಡು ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಸಿಪ್ಪೆಯ ಒಳಗೆ ಕಂದು ಉಂಗುರ ಕಾಣಬಹುದು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಅಲುಗಾಡದ ಕಡೆ ಇಡಿ. ಕಾಂಡದ ತುಂಡನ್ನು ದಾರ ಕಟ್ಟಿ, ಕೆಳತುದಿ ಮಾತ್ರ ನೀರೊಳಗೆ ಮುಳುಗುವ ಹಾಗೆ ಒಂದು ಕಡ್ಡಿಗೆ ನೇತು ಹಾಕಿ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ಸೊರಗು ರೋಗವಾದರೆ ಕೆಲವೇ ನಿಮಿಷದಲ್ಲಿ ಕಾಂಡದ ತುದಿಯಿಂದ ಹಾಲಿನ ಬಣ್ಣದ ಸಣ್ಣ ಎಳೆ ನೇರ ಕೆಳಗೆ ಇಳಿಯತೊಡಗುತ್ತದೆ, ಸ್ವಲ್ಪ ಹೊತ್ತಿಗೆ ಲೋಟದ ನೀರು ಮಸುಕಾಗುತ್ತದೆ. ಆ ಬಿಳಿ ಎಳೆ ಬ್ಯಾಕ್ಟೀರಿಯಾವೇ. ನೀರು ತಿಳಿಯಾಗಿಯೇ ಉಳಿದರೆ ಕಾರಣ ಬೇರೆ.

ಎಳೆ ಇಳಿದರೆ ಆ ಗಿಡ ಉಳಿಯುವುದಿಲ್ಲ. ಅಂಗಡಿಯಲ್ಲಿ ಏನೇ ಕೊಟ್ಟರೂ ಹಣ ಹಾಳು, ಇದನ್ನು ಖಡಕ್ಕಾಗಿ ಹೇಳುತ್ತೇನೆ. ಮಾಡಬೇಕಾದ್ದು ಪಕ್ಕದ ಗಿಡ ಉಳಿಸುವ ಕೆಲಸ. ಬೇರು, ಸುತ್ತಲಿನ ಮಣ್ಣು ಸಮೇತ ಗಿಡ ತೆಗೆದು ಸುಡಿ, ಗೊಬ್ಬರ ಗುಂಡಿಗೆ ಎಸೆಯಬೇಡಿ. ಆ ಮಡಿಯಿಂದ ಇನ್ನೊಂದು ಮಡಿಗೆ ನೀರು ಹರಿಯುತ್ತಿದ್ದರೆ ಇವತ್ತೇ ಕಟ್ಟು ಹಾಕಿ, ರೋಗ ಹರಿಯುವುದು ನೀರಿನ ಜೊತೆಗೇ. ಗುದ್ದಲಿ, ಕತ್ತಿ ತೊಳೆದು ಬಿಸಿಲಿಗಿಡಿ. ಆ ಜಾಗದಲ್ಲಿ ಮುಂದೆ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಬೇಡ. ಹರಿವೆ, ಅಲಸಂದೆ, ಹೀರೆ, ಜೋಳ ಹಾಕಿ. ಶುಂಠಿಗೆ ಸೊರಗು ಬಂದ ಜಾಗಕ್ಕೂ ಬದನೆ ತರಬೇಡಿ, ಅದೂ ಇದೇ ಬಳಗದ ಬ್ಯಾಕ್ಟೀರಿಯಾ.

ಒಂದು ವಿಷಯ ನಮ್ಮ ಕಡೆಯವರು ಗಮನಿಸಿರಬಹುದು. ಭತ್ತ ಕೊಯ್ದ ಗದ್ದೆಯಲ್ಲಿ ಹಾಕಿದ ಬದನೆಗೆ ಈ ರೋಗ ಕಡಿಮೆ, ಮನೆ ಹಿಂದಿನ ಅದೇ ಮಡಿಯಲ್ಲಿ ವರ್ಷ ವರ್ಷ ಹಾಕಿದ ಬದನೆಗೆ ಜಾಸ್ತಿ. ಮಳೆಗಾಲದಲ್ಲಿ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತು, ಭತ್ತ ಬೆಳೆದು, ಬ್ಯಾಕ್ಟೀರಿಯಾಕ್ಕೆ ಬೇಕಾದ ಗಿಡ ಸಿಗದೆ ಅದು ಸೋಲುತ್ತದೆ. ಗದ್ದೆ ಇದ್ದವರು ಬದನೆ, ಮೆಣಸನ್ನು ಅಲ್ಲಿಗೆ ಒಯ್ದು, ಹಿತ್ತಲಲ್ಲಿ ಸೊಪ್ಪು, ಬಳ್ಳಿ ಇಟ್ಟುಕೊಳ್ಳುವುದು ಒಳ್ಳೆಯದು. ಗದ್ದೆ ಇಲ್ಲದವರಿಗೆ ತಡೆಯುವ ತಳಿ ಇವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬದನೆಗಳಲ್ಲಿ ಅರ್ಕಾ ಕೇಶವ್, ಅರ್ಕಾ ನೀಲಕಂಠ್, ಅರ್ಕಾ ನಿಧಿ, ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಈ ರೋಗವನ್ನು ತಡೆಯುತ್ತವೆ. ಊರಿನ ಬದನೆಯ ರುಚಿಯೇ ಬೇಕು ಅನ್ನುವವರು ಸುಂಡೆ ಗಿಡಕ್ಕೆ ಅದನ್ನು ಕಸಿ ಕಟ್ಟಬಹುದು. ಸುಂಡೆಯ ಬೇರು ಈ ರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ.

ಲೋಟದ ನೀರು ತಿಳಿಯಾಗಿದ್ದರೆ ಬುಡ ನೋಡಿ

ಮಣ್ಣಿಗೆ ತಾಗುವ ಜಾಗದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಉಂಡೆಗಳು ಇದ್ದರೆ ಅದು ಶಿಲೀಂಧ್ರದ ಬುಡಕೊಳೆ. ನೀರು ಕಡಿಮೆ ಮಾಡಿ, ಬುಡದ ದರಕು ಸರಿಸಿ, ಸತ್ತ ಗಿಡವನ್ನು ಆ ಉಂಡೆಗಳ ಸಮೇತ ಮೇಲ್ಮಣ್ಣು ಕೆರೆದು ಹೊರಗೆ ಹಾಕಿ.

ಗಿಡ ಎಳೆದ ಕೂಡಲೇ ಸಲೀಸಾಗಿ ಕೈಗೆ ಬಂತು, ಬೇರು ಇಲ್ಲ, ಕಾಂಡಕ್ಕೆ ಮಣ್ಣಿನ ಲೇಪ ಇದೆ ಅಂದರೆ ಗೆದ್ದಲು. ಒಣ ಬೇಸಿಗೆಯಲ್ಲಿ ಅದಕ್ಕೆ ಬೇರೆ ತಿನ್ನಲು ಸಿಗದೆ ಹಸಿ ಬೇರಿಗೆ ಬರುತ್ತದೆ. ದರಕನ್ನು ಬುಡದಿಂದ ದೂರ ಇಡಿ ಅಂದದ್ದು ಇದಕ್ಕೆ, ಬುಡಕೊಳೆಗೂ ಅದೇ ಮಾತು. ಹಸಿ ಸೆಗಣಿ ಹಾಕಬೇಡಿ, ಕಳಿತ ಗೊಬ್ಬರವನ್ನೇ ಹಾಕಿ, ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ.

ಗಿಡ ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ, ಮಧ್ಯಾಹ್ನ ಪಕ್ಕದ ಗಿಡಕ್ಕಿಂತ ಮೊದಲು ಜೋತು ಬೀಳುತ್ತದೆ, ಅಂಥ ಗಿಡವನ್ನು ಮೆಲ್ಲಗೆ ಅಗೆದು ಬೇರು ತೊಳೆದು ನೋಡಿ. ಬೇರಿನ ಉದ್ದಕ್ಕೂ ಗಂಟು ಗಂಟಾಗಿದ್ದರೆ ಜಂತುಹುಳ, ಅಂದರೆ ಮಣ್ಣಿನಿಂದ ಬೇರಿಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮರಳು ಮಣ್ಣಿನಲ್ಲಿ ಇದರ ಕಾಟ ಜಾಸ್ತಿ, ಬೆಂಡೆ, ಬದನೆ, ಹಾಗಲ ಮೂರಕ್ಕೂ ಬರುತ್ತದೆ. ಅಲಸಂದೆಯಲ್ಲಿ ಮಾತ್ರ ಗಂಟು ಕಂಡ ಕೂಡಲೇ ಗಾಬರಿ ಬೇಡ. ಉಗುರಿನಿಂದ ತಳ್ಳಿದರೆ ಬೇರಿನಿಂದ ಬೇರೆಯಾಗಿ ಉದುರುವ ಗಂಟು ಸಾರಜನಕ ಹಿಡಿಯುವ ಒಳ್ಳೆಯ ಗಂಟು, ಬೇರೇ ಊದಿಕೊಂಡು ಬಿಡಿಸಲು ಬಾರದ್ದು ಜಂತುಹುಳದ್ದು. ಈ ಬೆಳೆ ಹೇಗೂ ಮುಗಿಸಿ, ಮುಂದಿನ ಸಲಕ್ಕೆ ಆ ಮಡಿಯಲ್ಲಿ ಗೊಂಡೆ, ಅಂದರೆ ಚೆಂಡುಹೂ ಹಾಕಿ.

ಬದನೆಯ ತುದಿ ಕುಡಿ ಮಾತ್ರ ಬಾಗಿದೆ, ಉಳಿದ ಗಿಡ ಚೆನ್ನಾಗಿದೆ ಅಂದರೆ ಅದು ಬೇರಿನ ವಿಷಯವೇ ಅಲ್ಲ. ಬಾಗಿದ ಕುಡಿ ಸೀಳಿ ನೋಡಿ, ಒಳಗೆ ನಸುಗೆಂಪು ಹುಳ ಸಿಗುತ್ತದೆ, ಕಾಯಿ ಕೊರೆಯುವುದೂ ಅದೇ. ತೂತಿನ ಕೆಳಗೆ ಒಂದು ಇಂಚು ಸೇರಿಸಿ ಕುಡಿ ಮುರಿದು ಸುಡಿ, ವಾರಕ್ಕೊಮ್ಮೆ ಬಿಡದೆ ಇದನ್ನು ಮಾಡಿದರೆ ಹಿತ್ತಲ ಮಟ್ಟಕ್ಕೆ ಸಾಕು.

ಬೇಸಿಗೆ ಬೆಳೆ ಮುಗಿದು ಖಾಲಿಯಾದ ಮಡಿಗೆ

ಬೇಸಿಗೆ ಬೆಳೆ ಮುಗಿದ ಮೇಲೆ ಮಡಿಯನ್ನು ಸುಮ್ನೆ ಬಿಡಬೇಡಿ, ಈ ಬಿಸಿಲು ಮತ್ತೆ ಸಿಗುವುದಿಲ್ಲ. ಜಂತುಹುಳ ಇಲ್ಲವೇ ಬುಡಕೊಳೆ ಇದ್ದ ಮಡಿಯನ್ನು ಅಗೆದು, ಬೇರು ಆಯ್ದು, ಚೆನ್ನಾಗಿ ನೀರು ಕುಡಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ. ಕಪ್ಪು ಹಾಳೆ ಬೇಡ, ಅದು ಬಿಸಿಲನ್ನು ಮಣ್ಣಿಗೆ ಬಿಡುವುದಿಲ್ಲ. ನಾಲ್ಕರಿಂದ ಆರು ವಾರ ಹಾಗೇ ಇರಬೇಕು, ಅಂದರೆ ಏಪ್ರಿಲ್ ಕೊನೆಗೇ ಶುರು ಮಾಡಿದರೆ ಮಾತ್ರ ಲಾಭ. ಉಪ್ಪು ಕೂತ ಮಡಿಗೆ ಈ ಕೆಲಸ ಬೇಡ, ಅದನ್ನು ತೆರೆದಿಟ್ಟು ಸುತ್ತಲಿನ ಕಾಲುವೆ ಒಂದು ಗೇಣು ಆಳ ಮಾಡಿ, ಮೃಗಶಿರ ಮಳೆ ಜೂನ್ ಮೊದಲ ವಾರ ಕಳೆದು ಬರುವ ಹೊತ್ತಿಗೆ ತೊಳೆದ ನೀರು ಹೊರಗೆ ಹೋಗಲು ದಾರಿ ಇರಬೇಕು. ಸೊರಗು ರೋಗದ ಮಡಿಯ ಕಾಲುವೆಯನ್ನು ಮಾತ್ರ ಬೇರೆ ಮಡಿಗಳ ಕಡೆ ತಿರುಗಿಸದೆ, ನೇರ ಬೇಲಿಯ ಆಚೆಗೆ ತೆಗೆಯಿರಿ, ಆ ಕಡೆ ನೆರೆಮನೆಯವರ ಹಿತ್ತಲಿದ್ದರೆ ಮೊದಲು ಅವರಿಗೆ ಹೇಳಿ, ಬೇರೆ ದಾರಿ ಇಲ್ಲದಿದ್ದರೆ ಅಲ್ಲೇ ಒಂದು ಇಂಗುಗುಂಡಿ ತೋಡಿ.